ಅಫೇಸಿಯಾ ಮಾತಿನ ಭಂಡಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ರೋಕ್ ಆದ ಮೇಲೆ ಮಾತು ತಡವರಿಸುವವರ ಜೊತೆ ಕೆಲಸ ಮಾಡುವ ಸ್ಪೀಚ್ ಥೆರಪಿಸ್ಟ್ ನಾನು. ಅವರ ಮಾತನ್ನು ರೆಕಾರ್ಡ್ ಮಾಡಿ, ಬರೆದಿಟ್ಟು, ಬೇರೆ ಸಂಶೋಧಕರ ಜೊತೆ ಹಂಚಿಕೊಳ್ಳುವ ವಿಷಯ ಬಂದಾಗಲೆಲ್ಲ ಮನೆಯವರು, ವಿದ್ಯಾರ್ಥಿಗಳು, ಸಾಫ್ಟ್‌ವೇರ್ ಕೆಲಸದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಉದಾಹರಣೆಗಾಗಿ ಹೆಚ್ಚಾಗಿ ಅಮೆರಿಕದ ಅಫೇಸಿಯಾಬ್ಯಾಂಕ್ ಅನ್ನುವ ಮಾತಿನ ಭಂಡಾರವನ್ನು ತೆಗೆದುಕೊಂಡಿದ್ದೇನೆ. ಅದು ಬಹಳ ವರ್ಷಗಳಿಂದ ನಡೆದುಕೊಂಡು ಬಂದಿದೆ, ಕಲಿಯುವುದಕ್ಕೆ ಅಲ್ಲಿ ತುಂಬಾ ಇದೆ.

## ಮೊದಲ ಪ್ರಶ್ನೆಗಳು

ಅಫೇಸಿಯಾ ಅಂದ್ರೆ ಏನು? ಅಪ್ಪನಿಗೆ ಬುದ್ಧಿ ಮಂಕಾಗಿದೆಯಾ?

ಇಲ್ಲ. ಭಾಷೆ ನೋಡಿಕೊಳ್ಳುವ ಮೆದುಳಿನ ಭಾಗಕ್ಕೆ ಪೆಟ್ಟಾಗಿದೆ. ಹೆಚ್ಚಿನವರಲ್ಲಿ ಅದು ಎಡಭಾಗ. ಸ್ಟ್ರೋಕ್ ಮುಖ್ಯ ಕಾರಣ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಅಫೇಸಿಯಾ ಬರುತ್ತದೆ. ತಲೆಗೆ ಏಟು ಬಿದ್ದರೆ, ಗಡ್ಡೆಯಾದರೆ ಕೂಡ ಬರಬಹುದು. ನಿಮ್ಮ ತಂದೆಗೆ ಬಾಯಾರಿಕೆ ಗೊತ್ತು, ನೀರು ಬೇಕು ಅನ್ನುವುದೂ ಗೊತ್ತು. 'ನೀರು' ಅನ್ನುವ ಪದ ಮಾತ್ರ ಕೈಗೆ ಸಿಗುತ್ತಿಲ್ಲ. ಅದರ ಬದಲು 'ಲೋಟ' ಅನ್ನಬಹುದು, ಅಥವಾ ಸುಮ್ಮನೆ ಕೈ ತೋರಿಸಬಹುದು. ಕೆಲವರಿಗೆ ಆಡುವುದು ಕಷ್ಟ, ಕೆಲವರಿಗೆ ಕೇಳಿದ್ದನ್ನು ಹಿಡಿಯುವುದು ಕಷ್ಟ. ಓದು-ಬರಹಕ್ಕೂ ತೊಂದರೆಯಾಗುತ್ತದೆ. ಅವರ ಮುಂದೆಯೇ 'ಇವರಿಗೆ ಏನೂ ಗೊತ್ತಾಗಲ್ಲ' ಅಂತ ದಯವಿಟ್ಟು ಹೇಳಬೇಡಿ.

ಭಂಡಾರ ಅಂದ್ರೆ ರೆಕಾರ್ಡಿಂಗ್ ತುಂಬಿದ ಹಾರ್ಡ್ ಡಿಸ್ಕ್ ಅಷ್ಟೇ ಅಲ್ವಾ?

ಹಾರ್ಡ್ ಡಿಸ್ಕ್ ಅದರಲ್ಲಿ ಚಿಕ್ಕ ಭಾಗ. ಎಲ್ಲರನ್ನೂ ಒಂದೇ ರೀತಿ ಮಾತಾಡಿಸಿರಬೇಕು. ಮಾತನ್ನು ಒಂದೇ ನಿಯಮದಲ್ಲಿ ಬರೆದಿರಬೇಕು. ಮಾತಾಡಿದವರ ವಯಸ್ಸು, ಓದು, ಭಾಷೆಗಳು, ಸ್ಟ್ರೋಕ್ ಆಗಿ ಎಷ್ಟು ದಿನವಾಯಿತು, ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು, ಇದೆಲ್ಲ ಜೊತೆಗಿರಬೇಕು. ಯಾರು ಒಪ್ಪಿದರು, ಯಾವುದಕ್ಕೆ ಒಪ್ಪಿದರು ಅನ್ನುವುದು ದಾಖಲಾಗಿರಬೇಕು.

ಅಫೇಸಿಯಾಬ್ಯಾಂಕ್ 2007ರಲ್ಲಿ ಶುರುವಾಯಿತು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬ್ರಯಾನ್ ಮ್ಯಾಕ್‌ವಿನಿ, ಅರಿಝೋನಾದ ಆಡ್ರಿ ಹಾಲಂಡ್ ಮತ್ತು ಅವರ ಜೊತೆಗಾರರು ಕಟ್ಟಿದರು. ಇದಕ್ಕೆ ಅಡಿಪಾಯ ಇನ್ನೂ ಹಳೆಯದು. ಮಕ್ಕಳು ಮಾತು ಕಲಿಯುವುದನ್ನು ದಾಖಲಿಸಲು ಮ್ಯಾಕ್‌ವಿನಿ ಮತ್ತು ಕ್ಯಾಥರಿನ್ ಸ್ನೋ 1984ರಲ್ಲೇ ಚೈಲ್ಡ್ಸ್ ಅನ್ನುವ ಭಂಡಾರ ಶುರುಮಾಡಿದ್ದರು. ಅಲ್ಲಿ ಪಳಗಿದ ಬರೆಯುವ ಪದ್ಧತಿಯೇ ಇಲ್ಲಿಗೂ ಬಂತು. ಈಗ ಟಾಕ್‌ಬ್ಯಾಂಕ್ ಅನ್ನುವ ಒಂದೇ ಸೂರಿನಡಿ ಇವೆರಡರ ಜೊತೆ ಮರೆವಿನ ರೋಗಕ್ಕೆ, ತಲೆ ಪೆಟ್ಟಿಗೆ, ಬಲ ಮೆದುಳಿನ ಹಾನಿಗೆ ಬೇರೆ ಬೇರೆ ಭಂಡಾರಗಳಿವೆ.

ಒಂದೊಂದು ಆಸ್ಪತ್ರೆ ತನ್ನ ರೋಗಿಗಳನ್ನು ನೋಡಿಕೊಂಡು ಸಂಶೋಧನೆ ಮಾಡಿದರೆ ಸಾಲದಾ?

ಸಾಲದು. ಇಬ್ಬರಿಗೆ ಒಂದೇ ಥರದ ಅಫೇಸಿಯಾ ಇರುವುದು ಅಪರೂಪ. ಪೆಟ್ಟಾದ ಜಾಗ ಬೇರೆ, ಓದು ಬೇರೆ, ಭಾಷೆ ಬೇರೆ, ವಯಸ್ಸು ಬೇರೆ. ಒಂದು ಕಡೆ ವರ್ಷಕ್ಕೆ ಹತ್ತಿಪ್ಪತ್ತು ಜನ ಸಿಕ್ಕರೆ ಅದರಿಂದ ಗಟ್ಟಿಯಾಗಿ ಏನೂ ಹೇಳಲಾಗದು.

ಕೂಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ರಿಲೀಸ್ ಅನ್ನುವ ಯೋಜನೆ ನೋಡಿ. ಗ್ಲಾಸ್ಗೋದ ಮೇರಿಯನ್ ಬ್ರೇಡಿ ಮತ್ತು ತಂಡದವರು 28 ದೇಶಗಳಿಂದ 174 ಸಂಶೋಧನೆಗಳ ಡೇಟಾ ಒಟ್ಟುಮಾಡಿದರು. ಸರಾಸರಿಗಳನ್ನಷ್ಟೇ ಅಲ್ಲ, ಒಬ್ಬೊಬ್ಬರ ಅಂಕಗಳನ್ನು. ಒಟ್ಟು 5,928 ಜನ. ಅದರಲ್ಲಿ ಹೊಂದುವ ಭಾಗವನ್ನಷ್ಟೇ ಆರಿಸಿ ನೋಡಿದಾಗ, ಒಟ್ಟು 20ರಿಂದ 50 ಗಂಟೆ ಥೆರಪಿ ಸಿಕ್ಕವರಲ್ಲಿ ಭಾಷೆಯ ಸುಧಾರಣೆ ಹೆಚ್ಚು ಕಂಡಿತು. 'ಎಷ್ಟು ದಿನ ಥೆರಪಿ ಮಾಡಿಸಬೇಕು?' ಅಂತ ಮನೆಯವರು ದಿನಾ ಕೇಳುತ್ತಾರೆ. ಒಂದು ಆಸ್ಪತ್ರೆಯ ಫೈಲುಗಳಿಂದ ಈ ಉತ್ತರ ಬರುತ್ತಿರಲಿಲ್ಲ.

ಹಳೇ ರೆಕಾರ್ಡ್ ಇಟ್ಟುಕೊಂಡು ಏನ್ ಮಾಡ್ತೀರಿ? ಸಂಶೋಧನೆ ಮುಗಿದಿದೆ ಅಲ್ವಾ?

ಇದಕ್ಕೆ ನನಗೆ ತುಂಬಾ ಹಿಡಿಸಿದ ಉತ್ತರ ಪ್ಯಾರಿಸ್‌ನಲ್ಲಿದೆ. ಲೆಬೋರ್ನ್ ಅನ್ನುವ ವ್ಯಕ್ತಿಗೆ 'ಟಾನ್' ಬಿಟ್ಟು ಹೆಚ್ಚೇನೂ ಆಡಲು ಬರುತ್ತಿರಲಿಲ್ಲ. ಅವರು 1861ರಲ್ಲಿ ತೀರಿಕೊಂಡರು. ಪೌಲ್ ಬ್ರೋಕಾ ಅನ್ನುವ ವೈದ್ಯರು ಲೆಬೋರ್ನ್ ಅವರ ಮೆದುಳನ್ನು ಪರೀಕ್ಷಿಸಿ, ಮುಂಭಾಗದ ಒಂದು ಜಾಗಕ್ಕೆ ಹಾನಿಯಾಗಿದ್ದನ್ನು ತೋರಿಸಿದರು. ಆ ಜಾಗವನ್ನು ಇವತ್ತಿಗೂ ಬ್ರೋಕಾ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರು ಇನ್ನೊಂದು ಕೆಲಸ ಮಾಡಿದರು: ಮೆದುಳನ್ನು ಕತ್ತರಿಸಲಿಲ್ಲ, ಇಡಿಯಾಗಿ ಉಳಿಸಿಟ್ಟರು. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ತಂಡ ಅದೇ ಮೆದುಳಿಗೆ ಎಂಆರ್‌ಐ ಮಾಡಿತು. ಹಾನಿ ಮೇಲ್ಭಾಗದಲ್ಲಷ್ಟೇ ಇರಲಿಲ್ಲ, ತುಂಬಾ ಒಳಗಿನವರೆಗೂ ಹೋಗಿತ್ತು. 146 ವರ್ಷದ ಹಿಂದಿನ ತೀರ್ಮಾನವನ್ನು ಮತ್ತೆ ತೂಗಿ ನೋಡಲಾಯಿತು, ಯಾಕೆಂದರೆ ಮೂಲ ವಸ್ತು ಹಾಗೇ ಇತ್ತು.

ಅವತ್ತು ಮಾತನ್ನು ಹಿಡಿದಿಡುವ ಯಂತ್ರ ಇರಲಿಲ್ಲ. ಲೆಬೋರ್ನ್ ಆ 'ಟಾನ್' ಅನ್ನು ಯಾವ ರಾಗದಲ್ಲಿ ಅನ್ನುತ್ತಿದ್ದರು, ಕೋಪದಲ್ಲಿ ಹೇಗೆ, ಬೇಡುವಾಗ ಹೇಗೆ ಅನ್ನುವುದು ನಮಗೆ ಎಂದೂ ಕೇಳಿಸುವುದಿಲ್ಲ. ನಮ್ಮ ಬಳಿ ಯಂತ್ರ ಇದೆ.

## ಮಾತು ಕೊಡುವವರು, ಮನೆಯವರು

ನಮ್ಮ ಅಮ್ಮನ ವಿಡಿಯೋ ಯಾರ್ಯಾರು ನೋಡ್ತಾರೆ?

ಅಫೇಸಿಯಾಬ್ಯಾಂಕ್‌ನಲ್ಲಿ ಪಾಸ್‌ವರ್ಡ್ ಇದ್ದವರು ಮಾತ್ರ. ಅಧ್ಯಾಪಕರು, ಸಂಶೋಧಕರು, ವೃತ್ತಿಯಲ್ಲಿರುವ ಥೆರಪಿಸ್ಟ್‌ಗಳು ತಾವು ಯಾರು, ಯಾಕೆ ಬೇಕು ಅಂತ ಬರೆದು, ನಿಯಮಗಳಿಗೆ ಒಪ್ಪಿ ಸದಸ್ಯರಾಗಬೇಕು. ವಿದ್ಯಾರ್ಥಿಗಳು ತಮ್ಮ ಮಾರ್ಗದರ್ಶಕರ ಮೂಲಕವೇ ಹೋಗಬೇಕು. ಯಾವುದೇ ಭಂಡಾರದವರು ಬಂದು ಕೇಳಿದಾಗ ನೀವು ಈ ಪ್ರಶ್ನೆಯನ್ನು ತಪ್ಪದೆ ಕೇಳಿ. ಸ್ಪಷ್ಟ ಉತ್ತರ ಬರದಿದ್ದರೆ ಒಪ್ಪಬೇಡಿ.

ಮಾತೇ ಬಾರದವರು ಒಪ್ಪಿಗೆ ಹೇಗೆ ಕೊಡ್ತಾರೆ? ಮಗ ಸಹಿ ಹಾಕಿದರೆ ಆಯ್ತಲ್ಲ?

ಆಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಪರವಾಗಿ ಮಗ ಸಹಿ ಹಾಕಿದ್ದರು. ಕಾಗದದಲ್ಲಿ ಎಲ್ಲ ಸರಿಯಿತ್ತು. ಕ್ಯಾಮೆರಾ ಇಟ್ಟ ತಕ್ಷಣ ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಅವತ್ತು ಕ್ಯಾಮೆರಾ ಮುಚ್ಚಿದೆ. ಅವರಿಗೆ ಕೇಳಬೇಕಾದ ರೀತಿಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಕೇಳುವ ರೀತಿ ಇದೆ. ಟೊರೊಂಟೊದ ಅಫೇಸಿಯಾ ಇನ್‌ಸ್ಟಿಟ್ಯೂಟ್‌ನಲ್ಲಿ ಆರಾ ಕೇಗನ್ ಅವರು ಬೆಳೆಸಿದ ಪದ್ಧತಿಯ ತಿರುಳು ಇಷ್ಟು: ಅವರಿಗೆ ಗೊತ್ತಿದೆ ಅಂತ ನಂಬಿ ಮಾತಾಡಿ, ಮತ್ತು ಅದನ್ನು ಹೇಳಲು ದಾರಿ ಮಾಡಿಕೊಡಿ. ಒಂದು ಹಾಳೆಯಲ್ಲಿ ಒಂದೇ ವಿಷಯ. ದಪ್ಪ ಅಕ್ಷರ, ಒಂದು ಚಿತ್ರ. ಕ್ಯಾಮೆರಾದ ಚಿತ್ರ ತೋರಿಸಿ 'ವಿಡಿಯೋ ತೆಗೀಬಹುದಾ?' ಕಂಪ್ಯೂಟರ್ ಮುಂದೆ ಕೂತವರ ಚಿತ್ರ ತೋರಿಸಿ 'ಬೇರೆ ಡಾಕ್ಟರು, ಮೇಷ್ಟ್ರು ನೋಡಬಹುದಾ?' ಆಮೇಲೆ ಕಾಯಬೇಕು, ನಿಜವಾಗಿ ಕಾಯಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. 'ಹೂಂ' ಮತ್ತು 'ಊಹೂಂ' ಕಿವಿಗೆ ಬಹಳ ಹತ್ತಿರ. ಉಚ್ಚಾರ ಕದಲಿದವರಲ್ಲಿ ಯಾವುದು ಯಾವುದೋ ತಿಳಿಯದು. ತಲೆ ಅಲ್ಲಾಡಿಸಿದರೂ ಅದು ಹೌದೋ ಅಲ್ಲವೋ ಗೊಂದಲ. ಅದಕ್ಕೆ 'ಹೌದು', 'ಬೇಡ' ಅಂತ ಎರಡು ಕಾರ್ಡ್ ಇಟ್ಟು ಮುಟ್ಟಲು ಹೇಳುತ್ತೇನೆ. ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತಿನ ಮೇಲೆ ತಿರುಗಿಸಿ ಕೇಳುತ್ತೇನೆ: 'ವಿಡಿಯೋ ಬೇಡ ಅಲ್ವಾ?' ಎರಡಕ್ಕೂ 'ಹೌದು' ಕಾರ್ಡ್ ಮುಟ್ಟಿದರೆ ಅವತ್ತಿಗೆ ನಿಲ್ಲಿಸಿ ಇನ್ನೊಂದು ದಿನ ಬರುತ್ತೇನೆ. ಮನೆಯವರ ಸಹಿ ಬೇಕಾದಾಗ ಅದು ಇದರ ಜೊತೆಗೆ ಇರಬೇಕು, ಇದರ ಬದಲಿಗೆ ಅಲ್ಲ.

ಈಗ ಹೂಂ ಅಂದು ಆಮೇಲೆ ಬೇಡ ಅನ್ನಿಸಿದ್ರೆ?

ಹಿಂತೆಗೆದುಕೊಳ್ಳಬಹುದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು ಅಂತ ಇದೆ. ಸಂಶೋಧನೆಗೆ ಆ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ. ಆದರೂ ಒಳ್ಳೆಯ ಭಂಡಾರ ವಿನಾಯಿತಿಯ ಹಿಂದೆ ಅಡಗಬಾರದು ಅನ್ನುವುದು ನನ್ನ ನಿಲುವು. ಒಂದು ಮಾತು ಮೊದಲೇ ಹೇಳಿಬಿಡಬೇಕು: ಭಂಡಾರದಿಂದ ತೆಗೆಯಬಹುದು, ಆಗಲೇ ಯಾರೋ ಪ್ರಕಟಿಸಿದ ಲೆಕ್ಕದಿಂದ ತೆಗೆಯಲಾಗದು.

ಹೆಸರು ತೆಗೆದರೆ ಸಾಕಲ್ವಾ?

ಬರಹದಲ್ಲಿ ಮನೆತನದ ಹೆಸರು, ವಿಳಾಸ ಬಂದ ಕಡೆ ಬೇರೆ ಗುರುತು ಹಾಕುತ್ತಾರೆ, ಧ್ವನಿಯಲ್ಲೂ ಆ ಜಾಗವನ್ನು ಅಳಿಸುತ್ತಾರೆ. ಆದರೆ ನಮ್ಮ ಕಡೆ ಹೆಸರಿನ ಇನಿಷಿಯಲ್ ಒಳಗೇ ಊರು ಕೂತಿರುತ್ತದೆ. ಸ್ಟ್ರೋಕ್ ಆದ ದಿನದ ಕಥೆ ಹೇಳುವಾಗ 'ಜಾತ್ರೆ ದಿನ ತೇರು ಎಳೀತಿದ್ವಿ, ನಾನು ಪೂಜೆ ಮಾಡ್ತಿದ್ದೆ' ಅಂದರೆ ಆ ಊರಿನವರಿಗೆ ಆಳು ಯಾರೆಂದು ಗೊತ್ತಾಯಿತು. ಮುಖ, ಧ್ವನಿಯನ್ನಂತೂ ಮುಚ್ಚಲಾಗದು. ಮುಖ ಮಸುಕು ಮಾಡಿದರೆ ತುಟಿಯ ಚಲನೆ, ಕೈಸನ್ನೆ ಎಲ್ಲ ಹೋಗುತ್ತದೆ. ಅದೇ ಸಂಶೋಧನೆಗೆ ಬೇಕಾದದ್ದು. ಹಾಗಾಗಿ ಗುರುತು ಪೂರ್ತಿ ಅಳಿಸಿದ್ದೇವೆ ಅಂತ ಸುಮ್ನೆ ಭರವಸೆ ಕೊಡುವ ಬದಲು, ಯಾರು ನೋಡಬಹುದು ಅನ್ನುವುದನ್ನು ಬಿಗಿ ಮಾಡುವುದು ಪ್ರಾಮಾಣಿಕ ದಾರಿ. ಬರಹ ಮಾತ್ರ ಕೊಡುತ್ತೇನೆ, ಧ್ವನಿ ಕೊಡುತ್ತೇನೆ ವಿಡಿಯೋ ಬೇಡ, ಹೀಗೆ ಬೇರೆ ಬೇರೆ ಮಟ್ಟದಲ್ಲಿ ಒಪ್ಪಲು ಅವಕಾಶ ಇರಬೇಕು.

ಇದರಿಂದ ನಮ್ಮ ಮನೆಯವರಿಗೆ ಏನು ಸಿಗುತ್ತೆ?

ಆ ವ್ಯಕ್ತಿಗೆ ನೇರವಾಗಿ ಬಹುಶಃ ಏನೂ ಇಲ್ಲ. ಮುಂದೆ ಬರುವವರಿಗೆ ಉಪಯೋಗ. ಇದನ್ನು ಮುಚ್ಚಿಡಬಾರದು.

## ಭಂಡಾರ ಕಟ್ಟುವವರು

ಏನು ಮಾತಾಡಿಸಬೇಕು? ಯಾವುದಾದ್ರೂ ಆಗುತ್ತಾ?

ಎಲ್ಲರಿಗೂ ಒಂದೇ ಇರಬೇಕು. ಅಫೇಸಿಯಾಬ್ಯಾಂಕ್‌ನಲ್ಲಿ ಮೊದಲ ಪ್ರಶ್ನೆ 'ಈಗ ನಿಮ್ಮ ಮಾತು ಹೇಗಿದೆ ಅನ್ನಿಸುತ್ತೆ?' ಅನ್ನುವ ಅರ್ಥದ್ದು. ಆಮೇಲೆ ಸ್ಟ್ರೋಕ್ ಆದ ಕಥೆ, ಬದುಕಿನ ಒಂದು ಮುಖ್ಯ ಘಟನೆ. ನಂತರ ಚಿತ್ರಗಳು: ಚೆಂಡು ಬಡಿದು ಕಿಟಕಿ ಗಾಜು ಒಡೆಯುವುದು, ಛತ್ರಿ ಬೇಡವೆಂದ ಹುಡುಗ ಮಳೆಯಲ್ಲಿ ನೆನೆಯುವುದು, ಮರ ಹತ್ತಿದ ಬೆಕ್ಕನ್ನು ಇಳಿಸುವುದು. ಸಿಂಡ್ರೆಲಾ ಕಥೆಯ ಚಿತ್ರಗಳನ್ನು ತೋರಿಸಿ, ಪುಸ್ತಕ ಮುಚ್ಚಿ, ನೆನಪಿನಿಂದ ಹೇಳಿಸುತ್ತಾರೆ. ಕೊನೆಗೆ ಪೀನಟ್ ಬಟರ್ ಸ್ಯಾಂಡ್‌ವಿಚ್ ಮಾಡುವ ವಿಧಾನ. ಮಾತಾಡಿಸುವವರು ಹೇಳಬೇಕಾದ ವಾಕ್ಯಗಳೂ ಬರೆದಿಟ್ಟಿವೆ.

ಥೆರಪಿಸ್ಟ್‌ಗಳಾದ ನಮಗೆ ಇಲ್ಲಿ ಕಷ್ಟವಾಗುವುದು ಸುಮ್ಮನಿರುವುದು. ಪದ ಸಿಗದೆ ಒದ್ದಾಡುವಾಗ ಮೊದಲ ಅಕ್ಷರ ಹೇಳಿಕೊಡುವುದು ನಮ್ಮ ಅಭ್ಯಾಸ. ರೆಕಾರ್ಡಿಂಗ್‌ನಲ್ಲಿ ಹಾಗೆ ಮಾಡಿದರೆ ಅದು ಅವರ ಮಾತಲ್ಲ, ನಮ್ಮದು.

ಜೊತೆಗೆ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯಂಥ ಪರೀಕ್ಷೆ ಇರುತ್ತದೆ. ಅದರಲ್ಲಿ 100ಕ್ಕೆ 93.8ಕ್ಕಿಂತ ಕಡಿಮೆ ಬಂದರೆ ಅಫೇಸಿಯಾ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಬಂದರೂ 'ನನ್ನ ಮಾತು ಮೊದಲಿನಂತಿಲ್ಲ' ಅನ್ನುವವರಿದ್ದಾರೆ. ಭಂಡಾರ ಅವರನ್ನೂ ಸೇರಿಸಿಕೊಂಡಿದೆ, ಅದು ಸರಿಯಾದ ನಿರ್ಧಾರ.

ಅದನ್ನೇ ಕನ್ನಡಕ್ಕೆ ಅನುವಾದ ಮಾಡಿಕೊಂಡರೆ ಕೆಲಸ ಮುಗೀತಲ್ಲ?

ಮುಗಿಯುವುದಿಲ್ಲ. ವೆಸ್ಟರ್ನ್ ಬ್ಯಾಟರಿಯ ಕನ್ನಡ ರೂಪ ಇದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಾವು ಬರಿಗೈಯಲ್ಲಿ ಶುರು ಮಾಡುತ್ತಿಲ್ಲ. ಆದರೆ ಮಾತಾಡಿಸುವ ವಿಷಯಗಳನ್ನು ಇಲ್ಲಿನ ಬದುಕಿನಿಂದಲೇ ಆರಿಸಬೇಕು.

ಬೆಕ್ಕು ಇಳಿಸಲು ಅಗ್ನಿಶಾಮಕದವರು ಏಣಿ ತಂದ ಚಿತ್ರ ನೋಡಿ ನಮ್ಮ ಹಳ್ಳಿಯ ಹಿರಿಯರು 'ಬೆಂಕಿ ಎಲ್ಲಿ?' ಅಂತ ಹುಡುಕುತ್ತಾರೆ. ಸ್ಯಾಂಡ್‌ವಿಚ್ ಬದಲು ಉಪ್ಪಿಟ್ಟು ಅಂತ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಅಡುಗೆಮನೆಗೆ ಕಾಲಿಡದ ಗಂಡಸರಿಗೆ ಅದು ಗೊತ್ತೇ ಇಲ್ಲ! ಗೊತ್ತಿಲ್ಲದ್ದನ್ನು ಹೇಳಲಾಗದಿದ್ದರೆ ಅದು ಅಫೇಸಿಯಾ ಅಲ್ಲ. ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿಬರುವುದು ಹೆಚ್ಚು ಜನರಿಗೆ ಗೊತ್ತಿರುವ ಕೆಲಸ.

ಕಥೆಗೆ ಶಾಲೆಯಲ್ಲಿ ಕಂಠಪಾಠ ಮಾಡಿದ ಪದ್ಯದ ಕಥೆ ತೆಗೆದುಕೊಳ್ಳಬೇಡಿ. ಬಾಯಿಪಾಠ, ಹಾಡು, ಎಣಿಕೆ ಅಫೇಸಿಯಾದಲ್ಲಿ ಎಷ್ಟೋ ಸಲ ಉಳಿದಿರುತ್ತದೆ. ಕಥೆ ಹೇಳಿ ಅಂದರೆ ಹಾಡು ಸರಾಗವಾಗಿ ಹರಿದುಬರುತ್ತದೆ, ಪದ ಹುಡುಕುವ ಕಷ್ಟ ಕಾಣುವುದೇ ಇಲ್ಲ. ಕಾಗೆ-ಗುಬ್ಬಚ್ಚಿ ಕಥೆಯಂಥದ್ದು ಪರವಾಗಿಲ್ಲ, ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ.

ಬರೆದುಕೊಳ್ಳುವಾಗ ತಪ್ಪು ತಿದ್ದಬೇಕಾ?

ತಿದ್ದಿದರೆ ಭಂಡಾರವೇ ಬೇಡ. ಕಿಟಕಿಗೆ 'ಕಿಕಟಿ' ಅಂದರೆ ಹಾಗೇ ಬರೆದು, ಪಕ್ಕದಲ್ಲಿ ಹೇಳಹೊರಟ ಪದ ಮತ್ತು ತಪ್ಪಿನ ಬಗೆ ಗುರುತಿಸಬೇಕು. ಹಸುವಿಗೆ 'ಎಮ್ಮೆ' ಅಂದರೆ ಅದು ಬೇರೆ ಬಗೆಯ ತಪ್ಪು, ಅದಕ್ಕೆ ಬೇರೆ ಗುರುತು. ಟಾಕ್‌ಬ್ಯಾಂಕ್‌ನ ಚಾಟ್ (CHAT) ಅನ್ನುವ ಬರೆಯುವ ಪದ್ಧತಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದಕ್ಕೆ, ತಾನೇ ತಿದ್ದಿಕೊಳ್ಳುವುದಕ್ಕೆ, 'ಅದೂ... ಉಂ...' ಅನ್ನುವುದಕ್ಕೆ, ಅರ್ಥವಾಗದ ಮಾತಿಗೆ ಬೇರೆ ಬೇರೆ ಗುರುತುಗಳಿವೆ. ಪ್ರತಿ ಸಾಲೂ ಧ್ವನಿಯ ಆ ಕ್ಷಣಕ್ಕೆ ಜೋಡಿಸಿರುತ್ತದೆ. ಬರೆದವರ ಮೇಲೆ ಅನುಮಾನ ಬಂದರೆ ಯಾರು ಬೇಕಾದರೂ ಕೇಳಿ ನೋಡಬಹುದು. ನಂಬಿಕೆಯ ಮುಖ್ಯ ಕೊಂಡಿ ಇದೇ ಅನ್ನುತ್ತೇನೆ.

ನಾನು ವರ್ಷಗಟ್ಟಲೆ ಕೂಡಿಸಿದ್ದನ್ನು ಬೇರೆಯವರಿಗೆ ಯಾಕೆ ಕೊಡಲಿ?

ಅರ್ಥವಾಗುತ್ತದೆ. ಒಂದು ಗಂಟೆ ಮಾತು ಬರೆಯಲು ಎಷ್ಟು ದಿನ ಹೋಗುತ್ತದೆ ಅಂತ ಬರೆದವರಿಗೇ ಗೊತ್ತು. ಅದಕ್ಕೇ ಸಂಗ್ರಹಕ್ಕೆ ನಿಮ್ಮ ಹೆಸರು, ಡಿಒಐ ಸಂಖ್ಯೆ (ಸಂಗ್ರಹವನ್ನು ಗುರುತಿಸುವ ಶಾಶ್ವತ ಸಂಖ್ಯೆ) ಇರಬೇಕು, ಬಳಸಿದವರು ಅದನ್ನು ಹೆಸರಿಸಲೇಬೇಕು. ನಿಮ್ಮ ಪಿಎಚ್‌ಡಿ ಮುಗಿಯುವವರೆಗೆ ಕಾದು ತೆರೆಯುವುದರಲ್ಲೂ ತಪ್ಪಿಲ್ಲ. ಆದರೆ ಆ ಮಾತು ನಿಮ್ಮದೊಬ್ಬರದಲ್ಲ. ಅಷ್ಟು ಕಷ್ಟಪಟ್ಟು ಒಂದೊಂದು ಪದ ಹೆಕ್ಕಿ ಕೊಟ್ಟವರು ಒಬ್ಬರ ಪ್ರಬಂಧಕ್ಕಾಗಿ ಮಾತ್ರ ಕೊಟ್ಟಿರಲಾರರು.

## ಇನ್ನೂ ಆಳಕ್ಕೆ

ಆಡುಮಾತು ಯಾವುದು, ತಪ್ಪು ಯಾವುದು ಅಂತ ಹೇಗೆ ತಿಳಿಯುತ್ತೆ?

ಕನ್ನಡ ಭಂಡಾರ ಎಡವುವುದಾದರೆ ಇಲ್ಲೇ. 'ಅಕ್ಕ ಬಂತು' ಅಂದರೆ ಮೈಸೂರಿನ ಕಡೆ ಬೆಳೆದ ವಿದ್ಯಾರ್ಥಿ ಲಿಂಗದ ತಪ್ಪು ಅಂತ ಗುರುತು ಹಾಕಬಹುದು. ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ 'ಅದು ಬಂತು' ಅನ್ನುವುದೇ ರೂಢಿ. ಹಾಗಾಗಿ ಮಾತಾಡಿದವರ ಊರು, ಮನೆಮಾತು ತಿಳಿಯದೆ ಯಾವ ತಪ್ಪನ್ನೂ ಎಣಿಸಬಾರದು. ಸಾಧ್ಯವಾದರೆ ಅದೇ ಕಡೆಯ, ಅದೇ ವಯಸ್ಸಿನ, ಸ್ಟ್ರೋಕ್ ಆಗದ ಕೆಲವರನ್ನೂ ರೆಕಾರ್ಡ್ ಮಾಡಿ.

ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಅನ್ನುವವರು ನಮ್ಮಲ್ಲಿ ಸಾಮಾನ್ಯ. ಅವರು ಮಧ್ಯೆ ತುಳು ಪದ ತಂದರೆ ಅದು ಮೊದಲಿನಿಂದ ಇದ್ದ ರೂಢಿಯೋ, ಕನ್ನಡ ಪದ ಸಿಗದೆ ಹಿಡಿದ ಆಸರೆಯೋ? ಮನೆಯವರನ್ನು ಕೇಳದೆ ಗೊತ್ತಾಗದು. ಆ ಉತ್ತರವೂ ಡೇಟಾ ಜೊತೆ ಹೋಗಬೇಕು.

ಇಂಗ್ಲಿಷ್ ಡೇಟಾ ಜೊತೆ ಕನ್ನಡವನ್ನು ನೇರವಾಗಿ ಹೋಲಿಸಬಹುದಾ?

ಪದ ಎಣಿಸಿ ಹೋಲಿಸಬೇಡಿ. ಇಂಗ್ಲಿಷ್‌ನಲ್ಲಿ 'ಐ ವಿಲ್ ನಾಟ್ ಕಮ್' ನಾಲ್ಕು ಪದ. ಕನ್ನಡದಲ್ಲಿ 'ಬರಲ್ಲ' ಒಂದೇ. 'ಹೋದೆ' ಅಂದರೆ ವಾಕ್ಯ ಪೂರ್ತಿಯಾಯಿತು, 'ನಾನು' ಬಿಟ್ಟಿದ್ದು ತಪ್ಪಲ್ಲ. ಇಂಗ್ಲಿಷ್ ಲೆಕ್ಕದಲ್ಲಿ ಅದು ಲೋಪ. ನಿಮಿಷಕ್ಕೆ ಎಷ್ಟು ಪದ ಅನ್ನುವ ಅಳತೆಯನ್ನು ಹಾಗೇ ತಂದರೆ ಚೆನ್ನಾಗಿ ಮಾತಾಡುವ ಕನ್ನಡಿಗರೂ ರೋಗಿಗಳಂತೆ ಕಾಣುತ್ತಾರೆ. ಪ್ರತ್ಯಯಗಳನ್ನು ಬಿಡಿಸಿ ಎಣಿಸಬೇಕು. ಕಥೆಯ ಮುಖ್ಯ ಘಟನೆಗಳಲ್ಲಿ ಎಷ್ಟನ್ನು ಹೇಳಿದರು ಅನ್ನುವ ಅಳತೆ ಭಾಷೆಯಿಂದ ಭಾಷೆಗೆ ಇದಕ್ಕಿಂತ ಚೆನ್ನಾಗಿ ದಾಟುತ್ತದೆ.

ಎಐಗೆ ಕೊಟ್ಟರೆ ಅದೇ ಬರೆದುಕೊಡುತ್ತಲ್ಲ, ಯಾಕೆ ಕೈಯಲ್ಲಿ ಬರೀಬೇಕು?

ಮೊದಲ ಕರಡಿಗೆ ಬಳಸಬಹುದು, ಟಾಕ್‌ಬ್ಯಾಂಕ್‌ನವರೂ ಅಂಥ ಸಾಧನ ಮಾಡಿದ್ದಾರೆ. ಆದರೆ ಈ ಯಂತ್ರಗಳು ಸರಾಗ ಮಾತಿನಿಂದ ಕಲಿತವು. ತಡವರಿಕೆಯನ್ನು ನುಂಗಿ, ಅರ್ಧ ಪದವನ್ನು ಪೂರ್ತಿ ಮಾಡಿ, ನುಣ್ಣಗೆ ಬರೆದುಕೊಡುತ್ತವೆ. ನಮಗೆ ಬೇಕಾದದ್ದು ಆ ತಡವರಿಕೆಯೇ. ಇನ್ನೂ ಕೆಟ್ಟದ್ದು, ಯಾರೂ ಆಡದ ಮಾತನ್ನು ಸೇರಿಸುವುದು. 2024ರಲ್ಲಿ ಅಮೆರಿಕದ ಸಂಶೋಧಕರು ಅಫೇಸಿಯಾಬ್ಯಾಂಕ್‌ನ ಧ್ವನಿಯನ್ನೇ ವಿಸ್ಪರ್ ಅನ್ನುವ ಯಂತ್ರಕ್ಕೆ ಕೊಟ್ಟು ನೋಡಿದರು. ಸುಮಾರು 100ಕ್ಕೆ 1 ತುಣುಕಿನಲ್ಲಿ ಅದು ಇಲ್ಲದ ವಾಕ್ಯಗಳನ್ನು ಹುಟ್ಟಿಸಿತ್ತು. ಹಾಗೆ ಹುಟ್ಟಿಸಿದ್ದರಲ್ಲಿ ಸುಮಾರು ಶೇ 38ರಷ್ಟು ಹಿಂಸೆ, ಸುಳ್ಳು ಸಂಬಂಧ ಕಟ್ಟುವಂಥ ಹಾನಿಕರ ಮಾತು. ಅಫೇಸಿಯಾ ಇದ್ದವರ ಮಾತಿನಲ್ಲಿ ಇದು ಹೆಚ್ಚಾಗಿತ್ತು, ಮಾತಿನ ನಡುವಿನ ಮೌನ ಉದ್ದವಾದಷ್ಟೂ ಜಾಸ್ತಿ. ಪದಕ್ಕಾಗಿ ಹುಡುಕುತ್ತಾ ಸುಮ್ಮನಾದವರ ಬಾಯಲ್ಲಿ ಅವರು ಆಡದ ಮಾತನ್ನು ಇಡುವುದು ನನಗೆ ತಡೆದುಕೊಳ್ಳಲಾಗದ ಸಂಗತಿ. ಈ ದೋಷ ಬಯಲಾಗಿದ್ದೂ ಹಂಚಿಕೊಂಡ ಭಂಡಾರ ಇದ್ದುದರಿಂದಲೇ.

ಪಾಸ್‌ವರ್ಡ್ ಹಿಂದೆ ಇರುವ ರೆಕಾರ್ಡಿಂಗ್ ಅನ್ನು ಸಿಕ್ಕ ಸಿಕ್ಕ ಆನ್‌ಲೈನ್ ಚಾಟ್‌ಬಾಟ್‌ಗೆ ಹಾಕಬೇಡಿ. ಅದು ಮೂರನೆಯವರಿಗೆ ಕೊಟ್ಟಂತೆ.

ಒಂದು ಭಂಡಾರ ನಂಬಿಕಸ್ಥ ಅಂತ ಹೊರಗಿನವರು ಹೇಗೆ ತಿಳೀಬೇಕು?

ಫೇರ್ ಅನ್ನುವ ನಾಲ್ಕು ತತ್ವಗಳು 2016ರಲ್ಲಿ ಬಂದವು: ಡೇಟಾ ಹುಡುಕಿದರೆ ಸಿಗಬೇಕು, ಪಡೆಯಲು ದಾರಿ ಇರಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮರುಬಳಕೆ ಆಗಬೇಕು. ಅವು ಡೇಟಾ ಬಗ್ಗೆ. ಇಟ್ಟುಕೊಂಡ ಸಂಸ್ಥೆಯ ಬಗ್ಗೆ 2020ರಲ್ಲಿ ಟ್ರಸ್ಟ್ ತತ್ವಗಳು ಬಂದವು. ಪರೀಕ್ಷೆ ಮಾಡಿ ಮುದ್ರೆ ಒತ್ತುವ ವ್ಯವಸ್ಥೆಯೂ ಇದೆ: ಕೋರ್‌ಟ್ರಸ್ಟ್‌ಸೀಲ್. ಟಾಕ್‌ಬ್ಯಾಂಕ್‌ಗೆ ಅದು ಸಿಕ್ಕಿದೆ. ನಾನಾದರೆ ಮೂರು ಪ್ರಶ್ನೆ ಕೇಳುತ್ತೇನೆ. ಅನುದಾನ ನಿಂತರೆ ಇದನ್ನು ಯಾರು ನೋಡಿಕೊಳ್ಳುತ್ತಾರೆ? ಕಳೆದ ವರ್ಷದ ಫೈಲಿಗೂ ಈಗಿನದಕ್ಕೂ ಏನು ಬದಲಾಗಿದೆ ಅಂತ ಬರೆದಿದ್ದಾರಾ? ನಿಯಮ ಮುರಿದವರ ಪಾಸ್‌ವರ್ಡ್ ಕಿತ್ತುಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆ?

ದೊಡ್ಡ ಭಂಡಾರ ಅಂದ ಮೇಲೆ ಎಲ್ಲರೂ ಇರ್ತಾರೆ ಅಲ್ವಾ?

ಇರುವುದಿಲ್ಲ. ಕಥೆ ಹೇಳಿ ಅನ್ನುವ ಭಂಡಾರಕ್ಕೆ ಒಂದೂ ಪದ ಬಾರದವರು ಕಡಿಮೆ ಬರುತ್ತಾರೆ. ಆಸ್ಪತ್ರೆಗೆ ಮತ್ತೆ ಮತ್ತೆ ಬರಲು ಬಸ್ ಚಾರ್ಜ್ ಇಲ್ಲದವರು, ಕರೆತರುವವರಿಲ್ಲದ ಹೆಂಗಸರು ಕಡಿಮೆ. ಇಂಗ್ಲಿಷ್ ಜಾಸ್ತಿ, ಬೇರೆ ಭಾಷೆ ಕಡಿಮೆ. ಯಾರು ಇಲ್ಲ ಅನ್ನುವುದನ್ನು ಭಂಡಾರದ ಮೊದಲ ಪುಟದಲ್ಲೇ ಬರೆಯಬೇಕು.

ನಮ್ಮ ವಿಭಾಗದ ಬೀರುವಿನಲ್ಲಿ ಹಳೇ ಕ್ಯಾಸೆಟ್‌ಗಳಿವೆ. ಅವುಗಳನ್ನು ಸೇರಿಸಬಹುದಾ?

ಮೊದಲು ಡಿಜಿಟಲ್ ಮಾಡಿ, ಟೇಪು ಪುಡಿಯಾಗುವ ಮುಂಚೆ. ನಾನು ಒಮ್ಮೆ ಅಂಥ ಒಂದು ಪೆಟ್ಟಿಗೆ ತೆರೆದಾಗ ಅಂಟು ಒಣಗಿ ಲೇಬಲ್‌ಗಳೆಲ್ಲ ತಳದಲ್ಲಿ ಉದುರಿಬಿದ್ದಿದ್ದವು. ಯಾರ ಮಾತು, ಯಾವ ವರ್ಷ, ಒಂದೂ ಗೊತ್ತಾಗಲಿಲ್ಲ. ಆಮೇಲೆ ಒಪ್ಪಿಗೆ ಪತ್ರ ಹುಡುಕಿ. 'ಈ ಅಧ್ಯಯನಕ್ಕೆ ಮಾತ್ರ' ಅಂತ ಇದ್ದರೆ ಹಂಚುವ ಹಕ್ಕು ನಿಮಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಂಸ್ಥೆಯ ನೈತಿಕ ಸಮಿತಿಯ ಮುಂದೆ ಇಡಬೇಕು. ಮಾತಾಡಿದವರು ಬದುಕಿದ್ದರೆ ಅವರನ್ನು, ಇಲ್ಲದಿದ್ದರೆ ಮನೆಯವರನ್ನು ಹುಡುಕಿ ಕೇಳಿ. ಹೋಗುವಾಗ ಆ ಧ್ವನಿಯ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋಗಿ. ಅವರು ಒಪ್ಪಲಿ, ಬಿಡಲಿ, ಅದನ್ನು ಅವರಿಗೆ ಕೊಟ್ಟು ಬನ್ನಿ.